ಬಸ್ ಗುಂಪಿನ ನಿಯಮಗಳು

ನಮ್ಮ ವಾಟ್ಸಾಪ್ ಗುಂಪು ಹುಟ್ಟಿದ್ದು ರಾಜಕೀಯ ಮಾತಾಡುವುದಕ್ಕಲ್ಲ, ಬಸ್ಸು ಎಲ್ಲಿದೆ ಎಂದು ತಿಳಿಯುವುದಕ್ಕೆ. ಶಿವಮೊಗ್ಗದ ಕಡೆಯಿಂದ ಬಂದು, ಶಿಕಾರಿಪುರದಲ್ಲಿ ನಮ್ಮನ್ನು ಹತ್ತಿಸಿಕೊಂಡು ಆನವಟ್ಟಿಗೆ ಹೋಗುವ ಬೆಳಗಿನ ಬಸ್ಸದು. ದಿನಾ ಅದರಲ್ಲೇ ಓಡಾಡುವ ಮೇಷ್ಟ್ರುಗಳು, ಗುಮಾಸ್ತರು, ನರ್ಸುಗಳು ಸೇರಿ ಇಪ್ಪತ್ತೈದು ಜನ. ಹಿಂದಿನ ಊರಲ್ಲಿ ಹತ್ತಿದವರು 'ಬಸ್ ಬಂತು' ಎಂದು ಹಾಕಿದ ಮೇಲೆ ನಾವು ಇಲ್ಲಿ ತಿಂಡಿ ಮುಗಿಸಿ ಹೊರಡುತ್ತಿದ್ದೆವು. ಅಡ್ಮಿನ್ ನಾನೇ.

ಚುನಾವಣೆ ಹತ್ತಿರ ಬಂದದ್ದೇ ತಡ, ಬಸ್ಸಿನ ಸುದ್ದಿ ಮೂಲೆಗೆ ಹೋಗಿ ಪಕ್ಷಗಳ ಸುಳ್ಳುಸುದ್ದಿ, ಬೈಗುಳ ತುಂಬಿಕೊಂಡವು. ಜಗಳ ಅತಿಯಾದಾಗ, ಕನ್ನಡ ಕಲಿಸುವವಳಲ್ಲವೇ, ನಾನೇ ಐದು ನಿಯಮ ಬರೆದು ಹಾಕಿದೆ. ಸಭ್ಯತೆ ಇರಲಿ. ಯಾರನ್ನೂ ವೈಯಕ್ತಿಕವಾಗಿ ನೋಯಿಸಬಾರದು. ಉಳಿದ ಮೂರು ಈಗ ನನಗೇ ನೆನಪಿಲ್ಲ. ಎಲ್ಲರೂ ಕೈಮುಗಿಯುವ ಚಿತ್ರ ಒತ್ತಿದರು. ಮರುದಿನದಿಂದ ಅವೇ ಸುಳ್ಳುಗಳನ್ನು 'ಮಾನ್ಯರೇ' ಎಂದು ಶುರುಮಾಡಿ ಹಾಕತೊಡಗಿದರು. ಇದನ್ನು ಸಭ್ಯತೆ ಎನ್ನುತ್ತಿದ್ದೆವು ನಾವು.

ನಿಯಮಗಳನ್ನು ನಿಜವಾಗಿ ಪಾಲಿಸಿದವರು ಒಬ್ಬರೇ, ನಮ್ಮ ಶಾಲೆಯ ಗಣಿತದ ಮೇಷ್ಟ್ರು. ನಿವೃತ್ತಿಗೆ ಒಂದು ವರ್ಷವಿತ್ತು. ಒಂದು ದಿನವೂ ಶಾಲೆಗೆ ತಡವಾಗಿ ಬಂದವರಲ್ಲ, ಅದೊಂದೇ ಅವರ ಹೆಮ್ಮೆ. ಬಸ್ ಸ್ಟ್ಯಾಂಡಿಗೆ ಎಲ್ಲರಿಗಿಂತ ಮೊದಲು ಬಂದು, ಕಿಟಕಿಯಿಂದ ಕರ್ಚೀಫು ಹಾಕಿ ನನಗೂ ಒಂದು ಸೀಟು ಹಿಡಿಯುತ್ತಿದ್ದರು. ಗುಂಪಿನಲ್ಲಿ ಯಾರು ಏನೇ ಹಾಕಲಿ, ಕೆಳಗೆ ಅವರದು ಒಂದೇ ಸಾಲು: 'ತಪ್ಪು ತಿಳಿಯಬೇಡಿ, ಇದು ಎಲ್ಲಿ ಬಂದಿದೆ?' ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೆ ಏನು ಹೇಳುವುದು? ಜನ ಹಲ್ಲು ಕಡಿದರು. ಅವರ ಪಕ್ಕ ಕೂತು ನಾನು ನಗುತ್ತಿದ್ದೆ, ನನ್ನ ಸರದಿ ಬರುವ ತನಕ.

ಒಂದು ಶನಿವಾರ, ಎಲ್ಲಿಂದಲೋ ನನ್ನ ಮೊಬೈಲಿಗೆ ಬಂದಿದ್ದ ಕೊಚ್ಚಿಹೋದ ರಸ್ತೆಯ ಚಿತ್ರವೊಂದನ್ನು ಗುಂಪಿಗೆ ಹಾಕಿದೆ. ಆನವಟ್ಟಿ ಪಕ್ಕದ ಕುಬಟೂರಿನ ರಸ್ತೆ, ನಮ್ಮನ್ನಾಳುವವರ ಸಾಧನೆ ನೋಡಿ ಎಂದು ಅದರ ಕೆಳಗೆ ಯಾರೋ ಬರೆದಿದ್ದರು. ಭಾನುವಾರ ಸಂಜೆ ಮೇಷ್ಟ್ರ ಫೋಟೋ ಬಂತು. ಬೈಕು ಹತ್ತಿ ಅಲ್ಲಿಗೇ ಹೋಗಿದ್ದಾರೆ! 'ಮೇಡಂ, ರಸ್ತೆ ಚೆನ್ನಾಗಿದೆ. ದೇವಸ್ಥಾನವನ್ನೂ ನೋಡಿಕೊಂಡು ಬಂದೆ. ನೀವು ಹಾಕಿದ ಚಿತ್ರ ಬೇರೆ ಊರಿನದಿರಬೇಕು.' ಇಷ್ಟೇ. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೈದು ಜನರೆದುರು ಹೀಗೆ ಹೇಳುವುದೇ? ವೈಯಕ್ತಿಕವಾಗಿ ನೋಯಿಸಿದ್ದಾರೆ ಎಂದು ನನ್ನದೇ ನಿಯಮ ತೋರಿಸಿ ಅವರನ್ನು ಗುಂಪಿನಿಂದ ತೆಗೆದೆ. ಸಾಲಾಗಿ ಮೆಚ್ಚುಗೆಯ ಹೆಬ್ಬೆರಳಿನ ಚಿತ್ರಗಳು ಬಿದ್ದವು.

ಸೋಮವಾರ ಬಸ್ಸು ಹತ್ತಿದರೆ ಕರ್ಚೀಫು ಎಂದಿನ ಜಾಗದಲ್ಲೇ ಇತ್ತು. "ಬರ್ರಿ ಮೇಡಂ, ಕೂತ್ಕಳ್ರಿ" ಎಂದರು. ಕೂತೆ. ತಪ್ಪಾಯಿತು ಎನ್ನಲಿಲ್ಲ, ವಾಪಸ್ ಸೇರಿಸಲೂ ಇಲ್ಲ. ಅವರೂ ಕೇಳಲಿಲ್ಲ.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ದಿನ ಬೆಳಗ್ಗೆ ಗುಂಪಿನಲ್ಲಿ ಸುದ್ದಿ ಬಂತು: ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿದೆ, ಬೇರೆ ವ್ಯವಸ್ಥೆ ನೋಡಿಕೊಳ್ಳಿ. ನಮ್ಮ ಡ್ರಾಯಿಂಗ್ ಮೇಷ್ಟ್ರು ಕಾರು ತೆಗೆದರು. ಅವರೂ ಸೇರಿ ನಾವು ನಾಲ್ವರಾದೆವು. ಐದನೆಯವರ ಜಾಗದಲ್ಲಿ ಊಟದ ಚೀಲಗಳನ್ನು ಇಟ್ಟುಕೊಂಡೆವು. ಬಸ್ ಸ್ಟ್ಯಾಂಡಿನ ಹೊರಗೆ ಗಣಿತದ ಮೇಷ್ಟ್ರು ನಿಂತಿದ್ದರು, ಶಿವಮೊಗ್ಗದ ದಿಕ್ಕಿಗೆ ಕತ್ತು ಚಾಚಿ, ಕೈಯಲ್ಲಿ ಕರ್ಚೀಫು ಹಿಡಿದು.

"ಇವ್ರನ್ನ ಹತ್ತಿಸ್ಕಂಡ್ರೆ ಆನವಟ್ಟಿ ತನಕ ಪ್ರಶ್ನೆ ಕೇಳ್ತಾರೆ ನೋಡ್ರಿ" ಎಂದು ನಗುತ್ತ ಡ್ರಾಯಿಂಗ್ ಮೇಷ್ಟ್ರು ಕಾರು ನಿಲ್ಲಿಸದೆ ಹೋದರು. ನಿಲ್ಲಿಸಿ ಎಂದು ನಾನು ಹೇಳಬಹುದಿತ್ತು. ಫೋನಾದರೂ ಮಾಡಬಹುದಿತ್ತು. ಮೊಬೈಲು ನೋಡುತ್ತ ಕೂತೆ.

ಪ್ರಶ್ನೆಪತ್ರಿಕೆಗಳ ಬೀರುವಿನ ಕೀಲಿ ಇದ್ದದ್ದು ಅವರ ಜೇಬಿನಲ್ಲಿ. ಯಾವುದೋ ಗೂಡ್ಸ್ ಗಾಡಿ ಹಿಡಿದು ಅವರು ಬಂದಾಗ ಪರೀಕ್ಷೆ ಶುರುವಾಗಬೇಕಾದ ಹೊತ್ತು ಮೀರಿ ಮುಕ್ಕಾಲು ಗಂಟೆಯಾಗಿತ್ತು. ಹೆಡ್ಮಾಸ್ಟರು ಮಧ್ಯಾಹ್ನವೇ ಕಾರಣ ಕೇಳಿ ನೋಟೀಸು ಕೊಟ್ಟರು. ಮೇಷ್ಟ್ರ ಇಡೀ ಸರ್ವೀಸಿನಲ್ಲಿ ಅದೇ ಮೊದಲನೆಯದು. ಅದನ್ನು ಎರಡು ಸಲ ಓದಿ, ಬಸ್ಸು ಬರಲಿಲ್ಲ ಎಂದು ಬರೆದುಕೊಟ್ಟರು. ಹೆಡ್ಮಾಸ್ಟರು ನನ್ನನ್ನೂ ಕರೆಸಿದರು.

"ಅದೇ ಬಸ್ಸಿಗೆ ಬರೋರು ನೀವು. ನೀವ್ ಹೆಂಗ್ ಟೈಮಿಗೆ ಬಂದ್ರಿ ಮೇಡಂ?"

"ಕಾರಲ್ಲಿ ಬಂದ್ವಿ ಸರ್."

"ಮತ್ತೆ ಇವ್ರನ್ನ ಯಾಕ್ ಕರ್ಕಂಡ್ ಬರ್ಲಿಲ್ಲ?"

ಅಲ್ಲೇ ನಿಂತಿದ್ದ ಮೇಷ್ಟ್ರು ನನ್ನತ್ತ ನೋಡದೆ ಹೇಳಿದರು, "ಕಾರು ನಾನೂ ನೋಡ್ದೆ ಸರ್. ಅದ್ರಾಗೆ ಜಾಗ ಇರ್ಲಿಲ್ಲ."

ಚೀಲಗಳು ಕೂತಿದ್ದ ಆ ಜಾಗ ಅವರಿಗೆ ಕಂಡಿತ್ತು. ಕಾರು ಅವರ ಮೊಣಕೈ ಸವರುವಷ್ಟು ಹತ್ತಿರದಲ್ಲೇ ಹೋಗಿತ್ತು. ಎಲ್ಲಿ ಬಂದಿದೆ ಎಂದು ಕೇಳದೆ ಏನನ್ನೂ ಒಪ್ಪದ ಮನುಷ್ಯ ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳಿದ್ದರು, ನಾನು ಹೌದೆಂದು ತಲೆಯಾಡಿಸಿದೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಸಂಜೆ ಅವರನ್ನು ಮತ್ತೆ ಗುಂಪಿಗೆ ಸೇರಿಸಿದೆ. ಒಂದು ನಿಮಿಷದೊಳಗೆ ತಾವಾಗಿ ಹೊರಗೆ ಹೋದರು.

ಮರುದಿನ ಬಸ್ಸಿನಲ್ಲಿ ಅವರ ಪಕ್ಕ ಯಾರೋ ಅಪರಿಚಿತರು ಕೂತಿದ್ದರು. ಮೇಷ್ಟ್ರು ಎಂದಿನಂತೆ "ನಮಸ್ಕಾರ ಮೇಡಂ" ಎಂದರು. ನಮಸ್ಕಾರ ಎಂದೆ. ಕರ್ಚೀಫು ಮಡಚಿದ್ದು ಮಡಚಿದಂತೆ ಅವರ ಜೇಬಿನಲ್ಲಿತ್ತು. ಆನವಟ್ಟಿ ತನಕ ನಿಂತೇ ಹೋದೆ.