ನಮ್ಮ ಗ್ಯಾಲರಿಯ ದೃಷ್ಟಿಗೊಂಬೆ

ಮದುವೆಯಾಗಿ ಹಲಸೂರಿಗೆ ಬಂದು ಮೂವತ್ತು ವರ್ಷವಾದರೂ ಫುಟ್‌ಬಾಲ್ ಆಟದಲ್ಲಿ ಚೆಂಡು ಎಲ್ಲಿದೆ ಎಂಬುದು ನನಗೆ ತಡವಾಗಿಯೇ ಕಾಣುತ್ತದೆ. ಕಣ್ಣಿಗೆ ಬೀಳುವಷ್ಟರಲ್ಲಿ ಅದು ಇನ್ನೊಬ್ಬರ ಕಾಲಿಗೆ ಹೋಗಿರುತ್ತದೆ. ಹಾಗಿದ್ದೂ ನಮ್ಮ ಕ್ಲಬ್ಬಿನ ಆಟಗಳನ್ನು ನಾನು ತಪ್ಪಿಸುವುದಿಲ್ಲ. ನನ್ನ ಅತ್ತೆ ಮೊದಲ ದಿನವೇ ಗುಟ್ಟು ಹೇಳಿಕೊಟ್ಟಿದ್ದರು: "ಚೆಂಡನ್ನ ಅವ್ರು ನೋಡ್ಕೋತಾರೆ ಕಣೇ. ನೀನು ನೋಡೋರನ್ನ ನೋಡು."

ಎಂಥ ಸತ್ಯ! ವಿಮಾ ಕಚೇರಿಯಲ್ಲಿ ಇಡೀ ದಿನ ತಗ್ಗಿಸಿದ ತಲೆ ಎತ್ತದ ನಮ್ಮ ಯಜಮಾನರು ಗ್ಯಾಲರಿಯಲ್ಲಿ ಕುಳಿತರೆಂದರೆ ರೆಫರಿಯ ಮೂರು ತಲೆಮಾರನ್ನು ವಿಚಾರಿಸಿಕೊಳ್ಳುತ್ತಾರೆ. ಅವರ ಪಕ್ಕದಲ್ಲಿ ಸೆಲ್ವರಾಜ್, ಮಾರುಕಟ್ಟೆಯ ಹಿಂದೆ ಫ್ಲೆಕ್ಸ್ ಅಂಗಡಿ ಇಟ್ಟುಕೊಂಡವನು, ನಮ್ಮ ಅಭಿಮಾನಿ ಬಳಗದ ಸ್ವಯಂಘೋಷಿತ ಸೇನಾಧಿಪತಿ. ಕನ್ನಡದಲ್ಲಿ ಹುರಿದುಂಬಿಸಿ, ತಮಿಳಿನಲ್ಲಿ ಬೈದು, ಆಟ ಕೈತಪ್ಪುವಂತಿದ್ದರೆ ಉರ್ದುವಿನಲ್ಲಿ ದೇವರನ್ನು ಕರೆಯುವ ಮನುಷ್ಯ.

ಕಳೆದ ವರ್ಷ ನಮ್ಮ ಕ್ಲಬ್ಬು ಘಾನಾ ದೇಶದಿಂದ ಕ್ವಾಮೆ ಎಂಬ ಆಟಗಾರನನ್ನು ಸಂಬಳ ಕೊಟ್ಟು ಕರೆಸಿತ್ತು. ಒಂದು ವರ್ಷದ ಒಪ್ಪಂದ. ಅದು ಮುಂದುವರಿಯದಿದ್ದರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ವಿಮಾನ ಹತ್ತಬೇಕು. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವನು ಗೋಲು ಹೊಡೆದಾಗಲೆಲ್ಲ ಸೆಲ್ವರಾಜ್ "ಇನ್ನೊಂದ್ವರ್ಷ ಗ್ಯಾರಂಟಿ ಮಚ್ಚಾ!" ಎಂದು ಕಿರುಚುತ್ತಿದ್ದ.

ಒಂದು ಭಾನುವಾರ ಎದುರಾಳಿಗಳ ಮೈದಾನದಲ್ಲಿ ಆಟ. ಕ್ವಾಮೆಯ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಅವರ ಗ್ಯಾಲರಿಯಿಂದ ಕೋತಿಯ ಕೂಗು. ನಾಲ್ಕನೆಯ ಸಲಕ್ಕೆ ಅವನು ಚೆಂಡು ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟ. ನಮ್ಮ ಕ್ಯಾಪ್ಟನ್ ಮಂಜು ಹೋಗಿ ಪಕ್ಕದಲ್ಲಿ ಕುಳಿತ. ನೋಡನೋಡುತ್ತಲೇ ಹನ್ನೊಂದೂ ಜನ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಕೂತವರ ಹಾಗೆ ಸಾಲಾಗಿ ಕುಳಿತರು. ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಬಿಸಿ ದೋಸೆಗಲ್ಲದೆ ಬೇರೆ ಯಾವುದಕ್ಕೂ ಕುರ್ಚಿ ಬಿಟ್ಟೇಳದ ನಮ್ಮ ಯಜಮಾನರೂ ಎದ್ದರು. ಎದುರಿನವರು ಮೈಕಿನಲ್ಲಿ ಕ್ಷಮೆ ಕೇಳಿದ ಮೇಲೆ ಆಟ ಮುಂದುವರಿಯಿತು. ಅಂದು ಮೆಟ್ರೋದಲ್ಲಿ ಮನೆಗೆ ಬರುವಾಗ ಪ್ರಪಂಚದ ವರ್ಣಭೇದವನ್ನು ನಾವೇ ತೊಲಗಿಸಿದಷ್ಟು ಹಗುರಾಗಿದ್ದೆವು.

ಈಗ ದೃಷ್ಟಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಜನಕ್ಕೆ ಕಳ್ಳರಿಗಿಂತ ಕಣ್ಣಿನ ಭಯ ಹೆಚ್ಚು. ಆಟೋದ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಅಂಗಡಿಯ ಬಾಗಿಲಲ್ಲಿ ಬೂದುಗುಂಬಳ, ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು. ಹಳೇ ಮದ್ರಾಸು ರಸ್ತೆಯಲ್ಲಿ ಕೆ.ಆರ್. ಪುರದ ಕಡೆ ಹೋಗಿ ನೋಡಿ, ಏಳುತ್ತಿರುವ ಪ್ರತಿ ಕಟ್ಟಡದಲ್ಲೂ ಒಂದು ದೃಷ್ಟಿಗೊಂಬೆ: ಕಪ್ಪು ಮುಖ, ಕೆಂಪು ನಾಲಿಗೆ, ಕೋರೆಹಲ್ಲು, ಹುರಿಮೀಸೆ. ನೋಡುವವರ ಕಣ್ಣು ಈ ಕುರೂಪಕ್ಕೆ ತಾಗಿ ಮನೆ ಉಳಿಯಲಿ ಎಂದು ಲೆಕ್ಕ. ಆ ಮುಖ ಯಾವಾಗಲೂ ಕಪ್ಪೇ ಏಕೆ ಎಂದು ಕೇಳಿದವರನ್ನು ನಾನು ಕಾಣೆ. ಕೃಷ್ಣ ಎಂದರೇ ಕಪ್ಪು. ಆದರೂ ಅವನಿಗೆ ನೀಲಿ ಬಳಿದು ಸಮಾಧಾನ ಮಾಡಿಕೊಂಡವರು ನಾವು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಮುಗಿಸಿ ಕೊಟ್ಟ ತೀರ್ಪು ಇನ್ನೂ ಕಿವಿಯಲ್ಲಿದೆ: "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ." ಹೊಗಳಿಕೆಯೇ ಸರಿ. ಸುಟ್ಟ ಹೋಳಿಗೆಯನ್ನು ತುಪ್ಪ ಹಾಕಿ ಬಡಿಸಿದ ಹಾಗಿತ್ತು.

ಫೈನಲ್ ಬಂತು. ಗೆದ್ದರೆ ಕ್ವಾಮೆಗೆ ಇನ್ನೊಂದು ವರ್ಷ ಎಂದು ಕ್ಲಬ್ಬಿನ ಕಾರ್ಯದರ್ಶಿ ಎಲ್ಲರೆದುರಿಗೇ ಹೇಳಿದ್ದರು. ಸೆಲ್ವರಾಜ್ ರಹಸ್ಯವಾಗಿ ಒಂದು ದೊಡ್ಡ ಫ್ಲೆಕ್ಸ್ ಮಾಡಿಸಿಕೊಂಡು ಬಂದಿದ್ದ. ತಂಡ ಮೈದಾನಕ್ಕಿಳಿಯುತ್ತಿದ್ದಂತೆ ಅದನ್ನು ಬಿಚ್ಚಿ ಗ್ಯಾಲರಿಯ ಉದ್ದಕ್ಕೂ ಕಟ್ಟಿಸಿದ. ಕ್ವಾಮೆಯ ಮುಖ. ಅದಕ್ಕೆ ಕೋರೆಹಲ್ಲು, ಕೆಂಪು ನಾಲಿಗೆ, ಹುರಿಮೀಸೆ. ಕೆಳಗೆ "ನಮ್ಮ ತಂಡಕ್ಕೆ ಯಾರ ಕಣ್ಣೂ ತಾಗದಿರಲಿ." ಗ್ಯಾಲರಿ ಹೋ ಎಂದಿತು. ನನ್ನ ಬಾಯಿಂದಲೂ ನಗು ಹೊರಟಿತು, ಆದರೆ ಅರ್ಧಕ್ಕೇ ನಿಂತಿತು. ಕ್ವಾಮೆ ತನ್ನ ಮುಖವನ್ನೇ ನೋಡುತ್ತ ನಿಂತುಬಿಟ್ಟಿದ್ದ.

ಅವನು ಮಂಜುವಿನ ಕಡೆ ತಿರುಗಿ ಏನೋ ಕೇಳಿದ. ಮಂಜುವಿಗೆ ಸುಳ್ಳು ಹೇಳಲು ಬಾರದು. ಕೈಯಲ್ಲಿ ಮನೆಯ ಆಕಾರ ಮಾಡಿ, ಗೊಂಬೆ ನೇತುಹಾಕಿ, ಮುಖ ಕಿವಿಚಿ ಎಲ್ಲ ವಿವರಿಸಿದ. ಕ್ವಾಮೆ ನೇರ ನಮ್ಮೆದುರಿನ ಗೆರೆಯ ತನಕ ಬಂದು ನಮ್ಮನ್ನೇ ನೋಡುತ್ತ ನೆಲದ ಮೇಲೆ ಕುಳಿತ. ಸ್ವಲ್ಪ ತಡೆದು ಮಂಜು ಬಂದು ಪಕ್ಕದಲ್ಲಿ ಕುಳಿತ. ಉಳಿದವರು ಇನ್ನೂ ತಡಮಾಡಿದರು. ಆದರೂ ಬಂದು ಕುಳಿತರು.

ಈ ಸಲ ಚಪ್ಪಾಳೆ ಬೀಳಲಿಲ್ಲ.

"ಏನ್ ಗುರು ಇದು, ನಮ್ಮೇಲೇನಾ?" ಎಂದರು ಯಾರೋ ಹಿಂದಿನ ಸಾಲಿನವರು. "ಸಂಬಳ ಕೊಡೋದು ಆಡೋಕೆ, ಕೂತ್ಕೊಳ್ಳೋಕಲ್ಲ!"

"ಹೋದ್ಸಲ ಕೂತಾಗ ನೀವೇ ಚಪ್ಪಾಳೆ ಹೊಡುದ್ರಲ್ರೀ" ಎಂದೆ ನಾನು.

"ಅಯ್ಯೋ, ಅದು ಬೇರೆ ಅಕ್ಕಾ!" ಸೆಲ್ವರಾಜನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಅವ್ರು ಬೈದ್ರು. ನಾನು ಪ್ರೀತಿಯಿಂದ ಮಾಡ್ಸಿದ್ದು. ನಮ್ ಟೀಮ್‌ನ ಕಾಯೋನು ಅಂತ ತಾನೇ ಹಾಕಿದ್ದು?"

"ಪ್ರೀತಿ ಇರೋನ ಮುಖಕ್ಕೆ ಕೋರೆಹಲ್ಲು ಯಾಕೋ? ನಿನ್ ಫೋಟೋನೇ ಹಾಕ್ಬೇಕಿತ್ತು."

"ನನ್ ಮುಖಕ್ಕೆ ಯಾರ್ ಹೆದರ್ತಾರೆ ಅಕ್ಕಾ..." ಎಂದವನ ಕಣ್ಣು ಫ್ಲೆಕ್ಸಿನ ಕಡೆ ಹೋಯಿತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಅತ್ತೆ ಹೇಳುತ್ತಿದ್ದರು. ಇಲಿಯನ್ನು ಮನಸಾರೆ ಪ್ರೀತಿಸುವ ಬೆಕ್ಕಿಗೆ ಏನು ಹೇಳಬೇಕೆಂದು ಅವರು ಹೇಳಿಕೊಟ್ಟಿರಲಿಲ್ಲ. ರೆಫರಿ ಗಡಿಯಾರ ನೋಡಿ ತೋರಿಸಿದ. ಆಡದಿದ್ದರೆ ಫೈನಲ್‌ನ ಕಪ್ ಎದುರಿನವರಿಗೆ. ಕಾರ್ಯದರ್ಶಿ ಓಡಿಬಂದು ಕ್ವಾಮೆಯ ಕಿವಿಯಲ್ಲಿ ಏನೋ ಹೇಳಿದರು. ಏನೆಂದು ಕೇಳಿಸದಿದ್ದರೂ ತಿಳಿಯಿತು. ಅವನು ತಲೆಯಾಡಿಸಿ ಫ್ಲೆಕ್ಸಿನ ಕಡೆ ಬೆರಳು ತೋರಿಸಿ ಕುಳಿತೇ ಇದ್ದ. ಅವನ ಮುಂದಿನ ಒಂದು ವರ್ಷವೆಲ್ಲ ಆ ಹುಲ್ಲಿನ ಮೇಲೆ ಕುಳಿತಿತ್ತು.

ಕೊನೆಗೆ ಫ್ಲೆಕ್ಸು ಇಳಿಯಿತು. ಇಳಿಸಿದ್ದು ಪಶ್ಚಾತ್ತಾಪದಿಂದಲ್ಲ, ಕಪ್ ಗೆಲ್ಲುವ ಆಸೆಯಿಂದ. "ಸರಿ, ಇಳಿಸ್ರಪ್ಪಾ, ಮ್ಯಾಚ್ ಹೋಗುತ್ತೆ" ಎಂದು ಯಾರೋ ಗೊಣಗಿದರು. ಯಾರೊಬ್ಬರ ಬಾಯಿಂದಲೂ ತಪ್ಪಾಯಿತು ಎಂಬ ಮಾತು ಬರಲಿಲ್ಲ. ನಮಗೇನು ಮೈಕು ಇರಲಿಲ್ಲವೇ? ಇತ್ತು. ನನ್ನ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು.

ಆಟ ಮುಗಿಯುವ ಹೊತ್ತಿಗೆ ಕ್ವಾಮೆಯೇ ಗೋಲು ಹೊಡೆದ. ಗೋಲು ಹೊಡೆದವರು ನಮ್ಮ ಮೂಲೆಗೆ ಓಡಿಬಂದು ತಂತಿಬಲೆಯ ಸಂದಿಯಿಂದ ಚಾಚಿದ ಕೈಗಳನ್ನೆಲ್ಲ ತಟ್ಟಿ ಹೋಗುವುದು ನಮ್ಮಲ್ಲಿ ವಾಡಿಕೆ. ಕೈಗಳೆಲ್ಲ ಚಾಚಿಕೊಂಡವು. ಅವನು ನಡೆದುಕೊಂಡು ಹೋಗಿ ಮಧ್ಯದ ಗೆರೆಯಲ್ಲಿ ಬೆನ್ನು ಹಾಕಿ ನಿಂತ. ನಾವು ಕಪ್ ಗೆದ್ದೆವು. ಕ್ಲಬ್ಬು ಒಪ್ಪಂದದ ಕಾಗದ ಮುಂದಿಟ್ಟಿತು. ಅವನು ಅದಕ್ಕೆ ಸಹಿ ಹಾಕಲಿಲ್ಲ. ಫೈನಲ್ ನೋಡಿ ಕರೆದ ಬೇರೆ ಊರಿನ ಕ್ಲಬ್ಬು ಸೇರಿಕೊಂಡ; ವೀಸಾ ಅವರೇ ಮಾಡಿಸಿದರು.

ಈ ವರ್ಷ ನಾವು ಸೋಲುತ್ತಿದ್ದೇವೆ. ಸೋತಾಗಲೆಲ್ಲ ಗ್ಯಾಲರಿಯಲ್ಲಿ "ಅವನಿದ್ದಿದ್ರೆ..." ಎಂಬ ನಿಟ್ಟುಸಿರು ಏಳುತ್ತದೆ. ಆ ವಾಕ್ಯವನ್ನು ಯಾರೂ ಪೂರ್ತಿ ಮಾಡುವುದಿಲ್ಲ. ಮೊನ್ನೆ ತರಕಾರಿ ತರಲು ಹೋದಾಗ ಸೆಲ್ವರಾಜ್ ಅಂಗಡಿಯಲ್ಲಿ ಒಬ್ಬನೇ ಕುಳಿತು ಮೊಬೈಲಿನಲ್ಲಿ ಕ್ವಾಮೆಯ ಹೊಸ ತಂಡದ ಆಟ ನೋಡುತ್ತಿದ್ದ. ನನ್ನನ್ನು ಕಂಡು ಸ್ಟೂಲು ಎಳೆದು ಕೊಟ್ಟ.

"ಒಂದ್ ಮಾತು ಕೇಳ್ಬೋದಿತ್ತು ಅಕ್ಕಾ ಅವನ್ನ" ಎಂದ, ಪರದೆಯಿಂದ ಕಣ್ಣು ತೆಗೆಯದೆ.

"ಏನಂತ?"

"ಇದನ್ನ ಹಾಕ್ಲಾ ಅಂತ."

"ಬೇಡ ಅಂದಿದ್ರೆ?"

"ಏಯ್ ಹೋಗೋ ಅಂತ ಎರಡು ಬೈದು, ಬಿರಿಯಾನಿ ತಿನ್ಸೋಕೆ ಕರ್ಕೊಂಡ್ ಹೋಗ್ತಿದ್ದೆ."

ಅಷ್ಟರಲ್ಲಿ ಮೊಬೈಲಿನಲ್ಲಿ ಗದ್ದಲವೆದ್ದಿತು. ನನಗೆ ಎಂದಿನಂತೆ ಚೆಂಡು ಕಾಣಲಿಲ್ಲ. ಸೆಲ್ವರಾಜ್ ಮಾತ್ರ ಎದ್ದು ನಿಂತು ಒಬ್ಬನೇ ಚಪ್ಪಾಳೆ ಹೊಡೆಯುತ್ತಿದ್ದ, ಬೇರೆ ಊರಿನ ತಂಡಕ್ಕೆ.