ಟೋಪಿ ತಲೆಗೇರುವ ಮೊದಲು ಮೂರನೇ ಚರಣ

ಒಟೆನ್ಸೆನ್ ಊರಿನ ಚುಟ್ಟಾ ಕಾರ್ಖಾನೆಯಲ್ಲಿ ಓಟಿಲಿ ನನ್ನ ಪಕ್ಕದ ಬೆಂಚಿನಲ್ಲೇ ಕೂರುತ್ತಿದ್ದಳು. ಎಂಥ ಗಂಟಲು ಅಂತೀರಿ! ಎಲೆ ಸುತ್ತುತ್ತಾ ಒಂದು ಸಾಲು ಎತ್ತಿದರೆ ಸಾಕು, ಕೊನೆಯ ಬೆಂಚಿನವರೆಗೂ ಹಾಡು ಹಬ್ಬುತ್ತಿತ್ತು. ಮೇಸ್ತ್ರಿ ಗದರಿದರೆ, "ಕೈ ನಿಂತಿದ್ರೆ ಹೇಳಿ. ಬಾಯಿಗೇನು ನೀವು ಕೂಲಿ ಕೊಡ್ತೀರಾ?" ಎನ್ನುವಳು.

ನಾವು ಹೆಚ್ಚಾಗಿ ಹಾಡುತ್ತಿದ್ದದ್ದು ಅವಳ ಅಪ್ಪ ಗೊಟ್‌ಹೋಲ್ಡ್ ಕಟ್ಟಿದ ಹಾಡು. ಆತನೂ ಚುಟ್ಟಾ ಸುತ್ತುವವನೇ. ಸಮಾಜವಾದಿ ಎಂದು ಸರ್ಕಾರ ಆತನನ್ನು ಗಡಿಪಾರು ಮಾಡಿದಾಗ ಓಟಿಲಿ ಆಗಷ್ಟೇ ಬೆಂಚಿಗೆ ಸೇರಿದ್ದ ಹುಡುಗಿ. ಆಮೇಲೆ ತಾಯಿ ಮಗಳು ಹೊಟ್ಟೆಗೆ ತಣ್ಣೀರುಬಟ್ಟೆ ಕಟ್ಟಿಕೊಂಡು ಬದುಕಿದ್ದನ್ನು ಬೀದಿಯೆಲ್ಲ ಕಂಡಿದೆ. ಸಮಾಜವಾದಿಗಳನ್ನು ಊರು ಬಿಡಿಸುವ ಆ ಹಾಳು ಕಾನೂನು ಬಿದ್ದುಹೋದ ಮೇಲೆ ಮುದುಕ ಊರಿಗೆ ಮರಳಿದ. ಎದೆ ಕೆಟ್ಟುಹೋಗಿತ್ತು. ಆತನಿಗೆ ಒಂದೇ ಆಸೆ: ತುಂಬಿದ ಸಭೆಯಲ್ಲಿ ತನ್ನ ಹಾಡಿನ ಮೂರನೇ ಚರಣವನ್ನು ಸಾಯುವ ಮೊದಲು ಕೇಳಬೇಕು.

ತೊಡಕಿದ್ದದ್ದೇ ಅಲ್ಲಿ. ಕಾನೂನು ಹೋದರೂ ನಮ್ಮ ಕಾರ್ಮಿಕರ ಸಭೆಗಳಿಗೆಲ್ಲ ಪೊಲೀಸ್ ದಫೇದಾರ ಶ್ಟ್ರೂಬೆಲ್ ಬಂದು, ಮೊನೆಯಿರುವ ತನ್ನ ಟೋಪಿಯನ್ನು ಮೇಜಿನ ಮೇಲಿಟ್ಟು ಕೂರುತ್ತಿದ್ದ. ಟೋಪಿ ತಲೆಗೇರಿತೋ, ಸಭೆ ಬರಖಾಸ್ತು. ಆಮೇಲೂ ಹಾಡಿದವರಿಗೆ ಜೈಲು. ಎರಡನೇ ಚರಣ ಮುಗಿಯುತ್ತಿದ್ದಂತೆ, ಸರ್ಕಾರಕ್ಕೆ ಬಿಸಿ ಮುಟ್ಟಿಸುವ ಮೂರನೆಯದಕ್ಕೆ ಮೊದಲೇ, ಈ ಮಹಾರಾಯನ ಕೈ ಟೋಪಿಗೆ ಹೋಗುತ್ತಿತ್ತು. ಹೀಗಾಗಿ ಮೂರನೆಯದು ನಮ್ಮ ಬೆಂಚುಗಳ ನಡುವೆಯೇ ಉಳಿದಿತ್ತು.

ನಮ್ಮ ಕಾರ್ಖಾನೆಯವರ ಗಾಯನ ಸಂಘದ ವಾರ್ಷಿಕೋತ್ಸವದ ದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಗೊಟ್‌ಹೋಲ್ಡ್. ಪಕ್ಕದಲ್ಲಿ ಶ್ಟ್ರೂಬೆಲ್ ಆರಾಮಾಗಿ ಬಿಯರ್ ಹೀರುತ್ತಿದ್ದ. ಎರಡು ಚರಣ ದಾಟುವವರೆಗೆ ಆತನಿಗೇನು ಕೆಲಸ? ವೇದಿಕೆಯ ಮೇಲೆ ಓಟಿಲಿ ನಮ್ಮತ್ತ ತಿರುಗಿ ಪಿಸುಗುಟ್ಟಿದಳು: "ಮೂರನೇದ್ರಿಂದ್ಲೇ ಶುರು ಮಾಡೋಣ!"

ಎತ್ತಿದೆವು ನೋಡಿ, ಕಿಟಕಿಯ ಗಾಜು ನಡುಗುವಂತೆ! ದಫೇದಾರ ಕಕ್ಕಾಬಿಕ್ಕಿ. ಆತ ಬಿಯರ್ ನುಂಗಿ, ಟೋಪಿ ತಡಕಿ, ತಲೆಗೇರಿಸುವಷ್ಟರಲ್ಲಿ ಕೊನೆಯ ಸಾಲೂ ಮುಗಿದೇಹೋಗಿತ್ತು. "ಸಭೆ ಬರಖಾಸ್ತು!" ಎಂದು ಕಿರುಚಿದ. ಜನ ಬಿದ್ದು ಬಿದ್ದು ನಕ್ಕರು.

ಮುದುಕ ಮಾತ್ರ ನಗಲಿಲ್ಲ. "ಕೊನೇ ಸಾಲು ನಂದಲ್ಲ. 'ಮುಂದೆ ಮೊಮ್ಮಕ್ಕಳು ಹೊಟ್ಟೆ ತುಂಬ ಉಣ್ಣುವರು' ಅಂತ ಕಟ್ಟಿದ್ದೆ. ನೀವು 'ಇಂದೇ ನಾವು ಹೊಟ್ಟೆ ತುಂಬ ಉಣ್ಣುವೆವು' ಅಂದ್ರಿ. ಯಾರು ಬದಲಾಯಿಸಿದ್ದು?"

"ನಾನೇ ಅಪ್ಪಾ" ಎಂದಳು ಓಟಿಲಿ. "ನೀನು ಹೋದ್ಯಲ್ಲ, ಆ ಚಳಿಗಾಲ. ಹಸಿವಾಗಿದ್ದು ಮೊಮ್ಮಕ್ಕಳಿಗಲ್ಲ, ನಂಗೆ."

ಗೊಟ್‌ಹೋಲ್ಡನ ಕಣ್ಣು ತುಂಬಿ ಬಂತು. "ಇನ್ನೊಂದ್ಸಲ ಹಾಡು ಮಗಳೇ, ಸರಿಯಾಗಿ ಕೇಳಿಸ್ಕೋತೀನಿ" ಎಂದ.

ದಫೇದಾರ ಟೋಪಿಯ ಪಟ್ಟಿ ಬಿಗಿಯುತ್ತಾ ಬಂದ. "ಬಾಯಿ ತೆರೆದ್ರೆ ಒಳಗೆ ಹಾಕ್ತೀನಿ, ಹುಷಾರ್!"

ಓಟಿಲಿ ಅಪ್ಪನ ಕೈ ಹಿಡಿದು, ಆತನ ಮುಖವನ್ನೇ ನೋಡುತ್ತಾ ಹಾಡತೊಡಗಿದಳು. ಕೊನೆಯ ಸಾಲು ಬಂದಾಗ ಮುದುಕನೂ ದನಿಗೂಡಿಸಿದ, ಮಗಳು ಬದಲಿಸಿದ ಹಾಗೆಯೇ.