ಬೆಣೆ ಸಡಿಲ ಬಿಟ್ಟ ಮೇಸ್ತ್ರಿ

ಮೇಸ್ತ್ರಿಯವರ ಎಡಗಿವಿಯ ಅಂಚಿನಲ್ಲಿ ಯಾವಾಗಲೂ ಒಂದಿಷ್ಟು ಮಣ್ಣು ಅಂಟಿಕೊಂಡಿರುತ್ತಿತ್ತು. ಸ್ನಾನ ಮಾಡದವರೆಂದಲ್ಲ. ಕೆಲಸ ಹಿಡಿದ ಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯನ್ನು ಅದಕ್ಕೆ ಒತ್ತಿ, ಒಳಗೆ ಎಲ್ಲಿ ಪೊಳ್ಳು, ಎಲ್ಲಿ ಗಟ್ಟಿ ಎಂದು ಕೇಳಿಸಿಕೊಳ್ಳುವುದು ಅವರ ಪದ್ಧತಿ.

"ಗೋಡೆ ಏನಂತು ಮೇಸ್ತ್ರಿ?" ಎಂದು ಮೊದಲ ದಿನವೇ ಕೆಣಕಿದ್ದೆ.

"ಅದು ಹೇಳ್ತಾನೇ ಐತೆ ಕಣವ್ವ. ನೀನು ಬಾಯಿ ಮುಚ್ಚಿದ್ರೆ ನಂಗೂ ಕೇಳ್ತದೆ."

ಎಪ್ಪತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆ. ನಾನು ಅಜ್ಜಂಪುರದಿಂದ ಕಡೂರಿನ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಎರಡು ಫಲಕಗಳು ಪಡಸಾಲೆಯ ಗೂಡಿನಲ್ಲಿದ್ದವು. ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವ ಚಟ ಅಂಟಿತ್ತು.

ನಮ್ಮದು ಎರಡು ಮೊಳ ದಪ್ಪದ ಮಣ್ಣುಗೋಡೆಯ, ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆ. ಅಡುಗೆಮನೆ ದಕ್ಷಿಣದ ತುದಿಯಲ್ಲಿ. ಕಿಟಕಿ ಇರಲಿಲ್ಲ, ಮೇಲೆ ಅಂಗೈ ಅಗಲದ ಒಂದು ಬೆಳಕಿಂಡಿ ಅಷ್ಟೆ. ಅಮ್ಮನ ಕಣ್ಣು ಸದಾ ಕೆಂಪಗೆ ನೀರಾಡುತ್ತಿತ್ತು. ತರೀಕೆರೆಯ ಡಾಕ್ಟರು ಮೂರನೇ ಸಲ ಔಷಧಿ ಬರೆಯುವಾಗ, "ಹೊಗೆ ತಪ್ಪದಿದ್ರೆ ಈ ಔಷಧಿ ದಂಡ ಕಣಮ್ಮ, ಕಣ್ಣೇ ಹೋದೀತು" ಎಂದರು.

ಅಡುಗೆಮನೆಗೆ ಇದ್ದ ಹೊರಗೋಡೆ ದಕ್ಷಿಣದ್ದೊಂದೇ. ದಕ್ಷಿಣಕ್ಕೆ ಕಿಟಕಿ ಕೂಡದು ಎಂದು ಅಜ್ಜ. ನಾನು ವಾದಕ್ಕೆ ನಿಂತೆ. ದಕ್ಷಿಣ ಮುಚ್ಚಿದ ಮನೆಗಳಲ್ಲಿ ಯಾರೂ ಸಾಯುವುದಿಲ್ಲವೇ? ಯಮ ಬರುವುದಾದರೆ ಬಾಗಿಲಿಂದ ಬರಲಾರನೇ, ಅವನಿಗೇಕೆ ಕಿಟಕಿ? ಅಜ್ಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಜಗಲಿಗೆ ಹೋದರು. ನಾನು ಒಳಗೆ ಓಡಿ ಗೆದ್ದೆ ಎಂದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಗೆದ್ದೆ, ಸರಿ. ಕಿಟಕಿ ಎಲ್ಲೇ?" ಎಂದಳು.

ಅದೇ ವಾರ ಮೇಸ್ತ್ರಿ ಮಾಳಿಗೆಗೆ ಮಣ್ಣು ಹಾಕಲು ಬಂದಿದ್ದರು. ನೀರು ಕೊಟ್ಟ ಅಮ್ಮನ ಕಣ್ಣು ನೋಡಿದರು. ವಿಷಯ ಕೇಳಿ ತಿಳಿದುಕೊಂಡರು. ನನ್ನ ವಾದವನ್ನೂ ಪೂರ್ತಿ ಒಪ್ಪಿಸಿದೆ. "ಚೆನ್ನಾಗೈತೆ" ಎಂದು ಎದ್ದು ಹೋದರು. ಮಾರನೆಯ ದಿನ ಅಮ್ಮ ರೊಟ್ಟಿ ತಟ್ಟುವ ಹೊತ್ತಿಗೆ ಸರಿಯಾಗಿ ಅಜ್ಜನ ಮುಂದೆ ನಿಂತಿದ್ದರು.

"ಯಜಮಾನ್ರೇ, ಅಡುಗೆಮನೆ ಗೋಡೆ ಮೇಲೆ ಒಂದು ಅನುಮಾನ. ತಾವೂ ಸ್ವಲ್ಪ ಕೂತು ನೋಡ್ಬೇಕು."

ಅಜ್ಜ ಆ ಒಲೆಯ ಪಕ್ಕ ಜೀವಮಾನದಲ್ಲಿ ಕೂತವರಲ್ಲ. ಅವರ ಊಟ ಪಡಸಾಲೆಯಲ್ಲಿ. ಮೇಸ್ತ್ರಿ ಅವರಿಗೊಂದು ಮಣೆ ಹಾಕಿ ಕೂರಿಸಿ, ಗೋಡೆ ತಟ್ಟುತ್ತಾ ಹೋದರು. ಇಲ್ಲಿ ತಟ್ಟಿದರು, ಅಲ್ಲಿ ತಟ್ಟಿದರು, ಮತ್ತೆ ಇಲ್ಲಿಗೇ ಬಂದರು. ಕೊನೆಯ ರೊಟ್ಟಿ ಬೇಯುವವರೆಗೂ ಅವರ ಅನುಮಾನ ತೀರಲಿಲ್ಲ. ಅಷ್ಟರಲ್ಲಿ ಅಜ್ಜ ಕೆಮ್ಮಿ ಕೆಮ್ಮಿ, ಟವೆಲ್ಲಿನಲ್ಲಿ ಮುಖ ಹುದುಗಿಸಿದ್ದರು.

"ಎಷ್ಟಗಲ ಇಡ್ಲಿ ಯಜಮಾನ್ರೇ?" ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದರು. ಏನು ಇಡುವುದು ಎಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

"ಒಂದು ಮೊಳ," ಅಂದರು ಅಜ್ಜ ಟವೆಲ್ಲಿನ ಒಳಗಿಂದಲೇ. "ಆದ್ರೆ ಒಂದು ಮಾತು. ಎಲ್ಲಾದ್ರೂ ಬಿರುಕು ಕಂಡ್ರೆ ದಿಕ್ಕಿಗೆ ಆಗಿಬರ್ಲಿಲ್ಲ ಅಂತ ಅವತ್ತೇ ಮುಚ್ಚಿಸ್ತೀನಿ."

ಮೇಸ್ತ್ರಿ ಕಿಟಕಿಯ ಎತ್ತರವನ್ನು ಅಮ್ಮನನ್ನು ಒಲೆಯ ಮುಂದೆ ಕೂರಿಸಿ ಅಳೆದರು. ಇಷ್ಟು ಕೆಳಗೆ ಯಾರು ಇಡುತ್ತಾರೆ ಎಂದು ನಾನು ತಗಾದೆ ತೆಗೆದೆ. "ಈ ಮನೇಲಿ ನಿಂತ್ಕಂಡು ಅಡುಗೆ ಮಾಡೋರು ಯಾರು, ನೀನಾ?" ಎಂದರು. ಆಮೇಲೆ ಗೋಡೆಯ ಮೇಲೆ ಕೂತಿದ್ದ ತೊಲೆಗೆ ಕೆಳಗಿನಿಂದ ಒಂದು ಕಂಬ ಕೊಟ್ಟು, ಕಂಬದ ಬುಡಕ್ಕೆ ಬೆಣೆ ಹೊಡೆದು ಬಿಗಿ ಮಾಡಿದರು. ಕಿಟಕಿ ಬರುವ ಜಾಗದ ಮೇಲ್ಗಡೆ ಗೋಡೆಯ ಒಳಪಾಲು ಮಾತ್ರ ಕೊರೆದು, ಭಾರ ಹೊರಲು ಒಂದು ದಪ್ಪ ಹಲಗೆ ಸೇರಿಸಿದರು. ಎರಡು ದಿನ ಬಿಟ್ಟು ಹೊರಪಾಲಿಗೆ ಇನ್ನೊಂದು. ಕಿಂಡಿ ತೆಗೆದದ್ದು ಎಲ್ಲಕ್ಕಿಂತ ಕೊನೆಗೆ. ಮೊದಲು ಕಿಂಡಿ ಹೊಡೆದು ಆಮೇಲೆ ಹಲಗೆ ಇಟ್ಟರೆ ಒಂದೇ ದಿನದ ಕೆಲಸವಲ್ಲವೇ ಎಂದೆ.

"ಹೊರೆ ಹೊತ್ತೋನ್ನ ಪಕ್ಕಕ್ಕೆ ಕರೀಬೇಕಾದ್ರೆ ಮೊದ್ಲು ಆ ಹೊರೆಗೆ ಇನ್ನೊಂದು ತಲೆ ಕೊಡ್ಬೇಕಲ್ಲವ್ವ."

ಹಲಗೆಗಳ ಮೇಲೆ ಮೆತ್ತಿದ ಹಸಿ ಮಣ್ಣು ಒಣಗುವವರೆಗೆ ಬೆಣೆ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿ, ನೆಂಟರ ಮದುವೆಗೆಂದು ಯಗಟಿಗೆ ಹೋದರು.

ಕಂಬ ಒಲೆಗೂ ನೀರಿನ ಹಂಡೆಗೂ ನಡುವೆ ನಿಂತಿತ್ತು. ಅಮ್ಮ ಎರಡು ಸಲ ಮುಗ್ಗರಿಸಿದಳು. ಮಣ್ಣು ಮುಟ್ಟಿ ನೋಡಿದೆ, ಮೇಲೆ ಒಣಗಿತ್ತು. ಗೋಡೆಗೆ ಕಿವಿ ಕೊಡುವವರ ಮಾತನ್ನು ಪರೀಕ್ಷೆ ಮಾಡದೆ ನಂಬುವುದು ಹೇಗೆ? ಅಮ್ಮ ಹಿತ್ತಲಿಗೆ ಹೋದಾಗ ಒನಕೆಯ ತುದಿಯಿಂದ ಬೆಣೆಗೆ ಎರಡು ಏಟು ಹಾಕಿದೆ. ಬೆಣೆ ಹಾರಿತು, ಕಂಬ ವಾಲಿತು. ಒಂದು ಕ್ಷಣ ಏನೂ ಆಗಲಿಲ್ಲ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೇಲಿನಿಂದ ಸಣ್ಣಗೆ ಮಣ್ಣು ಉದುರತೊಡಗಿತು. ಹಲಗೆಯ ಮೂಲೆಯಿಂದ ತೊಲೆಯವರೆಗೆ ತೋಳುದ್ದದ ಬಿರುಕು ಬಿಟ್ಟಿತು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಬರುವಾಗ ಅಜ್ಜ ಆ ಬಿರುಕಿನ ಕೆಳಗೇ ನಿಂತಿದ್ದರು. ಅಮ್ಮ ಬಾಗಿಲಲ್ಲಿ ಸೆರಗು ಕಚ್ಚಿಕೊಂಡಿದ್ದಳು.

"ನಾನೇನು ಹೇಳಿದ್ದೆ? ಮುಚ್ಚು."

ಮೇಸ್ತ್ರಿ ಬಿರುಕು ನೋಡಿದರು, ಮೂಲೆಗೆ ಬಿದ್ದಿದ್ದ ಬೆಣೆ ನೋಡಿದರು, ನನ್ನ ಮುಖ ನೋಡಿದರು. ನಾನು ಬಾಯಿ ತೆರೆದೆ. ಅವರು ನನಗಿಂತ ಮೊದಲು ಮಾತಾಡಿದರು.

"ದಿಕ್ಕಿಂದಲ್ಲ ಯಜಮಾನ್ರೇ. ಮದುವೆ ಅವಸರದಲ್ಲಿ ಬೆಣೆ ನಾನೇ ಸಡಿಲ ಬಿಟ್ಬಿಟ್ಟಿದ್ದೆ. ನನ್ ಕೈ ತಪ್ಪು."

ಅಜ್ಜ ಬಾಯಿಗೆ ಬಂದಂತೆ ಬೈದರು. "ತಲೆ ನೆರೆತೈತೆ, ಒಂದು ಬೆಣೆ ಹೊಡೆಯಾಕೆ ಬರಲ್ವೇನಯ್ಯ!" ಮೇಸ್ತ್ರಿ ತಲೆ ತಗ್ಗಿಸಿ ಕೇಳಿದರು. ಬೈದು ಸುಸ್ತಾದ ಮೇಲೆ ಅಜ್ಜ, "ನೆಟ್ಟಗೆ ಮಾಡಿ ಮುಗ್ಸು" ಎಂದು ಹೊರಗೆ ಹೋದರು.

"ಸುಳ್ಳು ಯಾಕೆ ಹೇಳಿದ್ರಿ?" ಎಂದೆ.

"ನೀನು ಅಂದಿದ್ರೆ ನಿನ್ ಮೇಲಿನ ಸಿಟ್ಟಿಗೇ ಮುಚ್ಚಿಸ್ತಿದ್ರು. ಅವತ್ತು ಸೋಲ್ಸಿದೀಯಲ್ಲ, ಅದಿನ್ನೂ ಒಳಗೈತೆ. ನನ್ನ ಮೇಲಾದ್ರೆ ಬೈದು ಬಿಡ್ತಾರೆ."

"ಆದ್ರೂ..."

"ವಾದ ಬೇಡ. ಮಣ್ಣು ಕಲಸು ಬಾ."

ಬೈದು ಬಿಡಲಿಲ್ಲ ಅಜ್ಜ. ಜಗಲಿಗೆ ಬಂದವರಿಗೆಲ್ಲ ಆ ಕಥೆ ಹೇಳಿದರು. ಸಂತೆಯಲ್ಲಿ ಹುಡುಗರು ಕೂಡ "ಮೇಸ್ತ್ರಿ, ಬೆಣೆ ಬಿಗಿ ಐತಾ?" ಎಂದು ಛೇಡಿಸುತ್ತಿದ್ದರು. "ಬಿಗಿ ಐತೆ ಕಣ್ರಪ್ಪಾ" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ನಾನು ಎದುರಾದರೆ ಕಾಲೇಜಿನ ವಿಷಯ ಕೇಳುತ್ತಿದ್ದರೇ ಹೊರತು ಅದರ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸತ್ಯ ಹೇಳಿದರೆ ಅಜ್ಜ ಕಿಟಕಿ ಮುಚ್ಚಿಸಿಯಾರು ಎಂಬ ಕಾರಣ ಮೊದಲು ನಿಜವಾಗಿತ್ತು. ವರ್ಷ ಕಳೆದಂತೆ ಅದು ನನಗೆ ಅನುಕೂಲವಾದ ಕಾರಣವಾಯಿತು.

ಕಿಟಕಿ ನಿಂತಿತು. ಮೊದಲ ದಿನ ಹೊಗೆ ಹೊರಗೆ ಹರಿಯುತ್ತಿದ್ದಾಗ ಕೂತಲ್ಲಿಂದಲೇ ಆಚೆ ನೋಡಿದ ಅಮ್ಮ, "ಲೇ, ಯಾರ್ದೋ ಆಡು ನಮ್ಮ ನುಗ್ಗೆ ತಿಂತೈತೆ, ಓಡಿಸೇ!" ಎಂದು ಕೂಗಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಣ್ಣಿನ ಕೆಂಪು ಪೂರ್ತಿ ಇಳಿದಿತ್ತು. ಈಗಲೂ ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ.

ಕಿಟಕಿ ಇಟ್ಟ ಏಳೆಂಟು ವರ್ಷಕ್ಕೆ ಮೇಸ್ತ್ರಿ ಜ್ವರದಿಂದ ತೀರಿಕೊಂಡರು. ಸುದ್ದಿ ಬಂದಾಗ ಅಜ್ಜ, "ಒಳ್ಳೇ ಕೈ. ಒಂದೇ ಸಲ ಬೆಣೆ ಸಡಿಲ ಬಿಟ್ಟ, ಅಷ್ಟೇ" ಎಂದರು. ನಾನು ಎದುರು ನಿಂತು, ಬೆಣೆ ತೆಗೆದದ್ದು ನಾನು ಎಂದೆ. ಅಜ್ಜ ಹೆಗಲ ಟವೆಲ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನನಗ್ಯಾಕೆ ಹೇಳ್ತೀಯ? ಅವನ ಮಗನಿಗೆ ಹೇಳು ಹೋಗು" ಎಂದರು.

ಹೋದೆ. ಮಗನೂ ಗಾರೆ ಕೆಲಸದವನೇ, ಅಪ್ಪನ ಜೊತೆಗೇ ದುಡಿದವನು. ನಿಂತೇ ಎಲ್ಲ ಹೇಳಿದೆ. ಅವನು ಹೊಸ್ತಿಲ ಮೇಲೆ ಕೂತ.

"ಅಪ್ಪ ನಮಗೂ ಹಂಗೇ ಹೇಳಿದ್ದು ಕಣಕ್ಕ, ನಾನೇ ಸಡಿಲ ಬಿಟ್ಟೆ ಅಂತ. ಅವತ್ತಿಂದ ಯಾವ ಕೆಲಸಕ್ಕೆ ಹೋದ್ರೂ ಅಪ್ಪನ ಕೈಗೆ ನಾನು ಬೆಣೆ ಕೊಡ್ಲಿಲ್ಲ. ಕೇಳ್ದಾಗೆಲ್ಲ, ನಿಂಗೆ ವಯಸ್ಸಾಯ್ತು, ಬಿಡು ಅಂತಿದ್ದೆ. ಸುಮ್ನೆ ಬಿಟ್ಕೊಡೋನು."